ಕಾಯಿಗಳು ತಮ್ಮನ ಬಳಿ, ಪೆಟ್ಟಿಗೆ ಅಕ್ಕನ ಬಳಿ

ಪ್ರಶ್ನೆ: ನನಗೆ 56 ವರ್ಷ. ಚಿಕ್ಕಮಗಳೂರಿನ ಸಹಕಾರ ಸಂಘವೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ನಮ್ಮ ತಾತ ಇಲ್ಲಿನ ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ತೋಟದ ದೊರೆ ಊರು ಬಿಟ್ಟು ಇಂಗ್ಲೆಂಡಿಗೆ ಹೊರಟಾಗ ತನ್ನ ಚೆಸ್ ಸೆಟ್ಟನ್ನು ಪೆಟ್ಟಿಗೆ ಸಮೇತ ತಾತನ ಕೈಗೆ ಕೊಟ್ಟು ಹೋದನಂತೆ. ಅಪ್ಪ, ಅಕ್ಕ, ನಾನು ಎಲ್ಲರೂ ಆಟ ಕಲಿತದ್ದು ಅದರಲ್ಲೇ. ನಾನು ಚಿಕ್ಕವನಿದ್ದಾಗ ಬಿಳಿಯ ಕಾಲಾಳೊಂದು ಕಳೆದುಹೋಗಿ, ಅಪ್ಪ ಕಾಫಿ ಗಿಡದ ಕಟ್ಟಿಗೆಯಲ್ಲಿ ಇನ್ನೊಂದನ್ನು ಕಡೆಸಿ ತಂದರು. ಆಮೇಲೆ ಕಾಯಿಗಳು ಬಿಸ್ಕತ್ತಿನ ಡಬ್ಬಿ ಸೇರಿದವು. ಪೆಟ್ಟಿಗೆಯಲ್ಲಿ ಅಮ್ಮ ತನ್ನ ಓಲೆ, ಬಳೆ, ಕಾಗದಪತ್ರ ಇಟ್ಟುಕೊಂಡರು. ಅಮ್ಮ ತೀರಿಕೊಂಡ ಮೇಲೆ ಪೆಟ್ಟಿಗೆ ಹಾಸನದಲ್ಲಿರುವ ಅಕ್ಕನ ಮನೆಗೆ ಹೋಯಿತು.

ಕೆಲವು ವರ್ಷಗಳಿಂದ ನನಗೆ ಹಳೆಯ ಚೆಸ್ ಸೆಟ್ ಕೂಡಿಡುವ ಹವ್ಯಾಸ ಹತ್ತಿದೆ. ಈಗ ನೋಡಿದರೆ ನಮ್ಮ ಮನೆಯ ಸೆಟ್ಟೇ ಲಂಡನ್ನಿನ ಜೇಕ್ಸ್ ಕಂಪನಿಯದು. ರಾಜನ ಪೀಠದಲ್ಲಿ ಮುದ್ರೆ ಇದೆ, ಕುದುರೆಯ ತಲೆಯ ಮೇಲೆ ಕಿರೀಟದ ಗುರುತಿದೆ. ಮೂಲ ಪೆಟ್ಟಿಗೆ ಸೇರಿದರೆ ಅದರ ಬೆಲೆಯೇ ಬೇರೆ. ಅಕ್ಕನಿಗೆ ಫೋನ್ ಮಾಡಿ, 'ಆ ಹಳೇ ಪೆಟ್ಟಿಗೆ ನನಗೆ ಕೊಡು, ಐದು ಸಾವಿರ ಕೊಡ್ತೀನಿ, ಬೇಕಿದ್ರೆ ಹೊಸ ಪೆಟ್ಟಿಗೆ ಮಾಡಿಸಿ ಕೊಡ್ತೀನಿ' ಅಂದೆ. ಅವಳು, 'ಅಮ್ಮನ ಪೆಟ್ಟಿಗೆಗೆ ರೇಟು ಕಟ್ತೀಯೇನೋ' ಅಂತ ಅತ್ತುಬಿಟ್ಟಳು. ಆಮೇಲೆ ಮಾತು ಕಡಿಮೆಯಾಗಿದೆ. ಈಗ ಭಾವ ಹೇಳುವ ಪ್ರಕಾರ, ಮುಚ್ಚಳದ ಒಳಗಿನ ಹರಕು ಕಾಗದ ಕೀಳಿಸಿ, ವೆಲ್ವೆಟ್ ಹಾಕಿಸಿ, ಪೂರಾ ಪಾಲಿಶ್ ಹೊಡೆಸುತ್ತಾಳಂತೆ. ನನಗೆ ನಿದ್ದೆ ಬರುತ್ತಿಲ್ಲ. ಸೋದರಳಿಯನಿಗೆ ಹೇಳಿ ಪೆಟ್ಟಿಗೆಯನ್ನು ಮೆಲ್ಲಗೆ ಇತ್ತ ತರಿಸಿಕೊಂಡುಬಿಡೋಣ ಎಂಬ ಯೋಚನೆಯೂ ಬಂದಿದೆ. ಇನ್ನೊಂದು ಮಾತು. ವ್ಯಾಪಾರಿಯೊಬ್ಬರು ಕೆಂಪು ಬಿಳಿ ಬಣ್ಣದ ದಂತದ ಸೆಟ್ಟನ್ನು ಅದರದೇ ಪೆಟ್ಟಿಗೆಯೊಂದಿಗೆ ಕೊಡುತ್ತೇನೆಂದು ದುಂಬಾಲು ಬಿದ್ದಿದ್ದಾರೆ. ಮನೆಯವಳಿಗೆ ನಾನು ಕೊಳ್ಳುವುದರ ಅರ್ಧ ಬೆಲೆ ಮಾತ್ರ ಹೇಳುತ್ತೇನೆ. ನನ್ನದು ಹವ್ಯಾಸವೋ ಹುಚ್ಚೋ? ದಾರಿ ತೋರಿಸಿ.

ಹೆಸರು ಬೇಡ, ಚಿಕ್ಕಮಗಳೂರು

ಉತ್ತರ: ಮೊದಲು ತುರ್ತಿನ ಮಾತು. ಇದಿಷ್ಟನ್ನು ನಿಮಗೆ ಪ್ರತ್ಯೇಕವಾಗಿ ಬರೆದು ಕಳಿಸಿದ್ದೇನೆ. ಇದೇ ಬಗೆಯ ಸಂಕಟದಲ್ಲಿರುವ ಬೇರೆಯವರಿಗೂ ತಿಳಿಯಲಿ ಎಂದು ಇಲ್ಲಿಯೂ ಹೇಳುತ್ತಿದ್ದೇನೆ. ಅಕ್ಕನಿಗೆ ಈ ಹೊತ್ತೇ ಫೋನ್ ಮಾಡಿ. ಪೆಟ್ಟಿಗೆ ಕೇಳಬೇಡಿ. 'ಅಕ್ಕ, ಪೆಟ್ಟಿಗೆ ನಿನ್ನ ಹತ್ತಿರವೇ ಇರಲಿ. ಆದರೆ ಮುಚ್ಚಳದ ಒಳಗಿರೋ ಕಾಗದ ಮಾತ್ರ ಕೀಳಿಸಬೇಡ, ಪಾಲಿಶ್ ಹೊಡೆಸಬೇಡ. ಯಾಕೆ ಅಂತ ಬಂದು ಹೇಳ್ತೀನಿ' ಎಂದು ಹೇಳಿ, ಫೋನ್ ಇಡಿ. ಐದು ಸಾವಿರದ ಮಾತು ಆಡಿದ ಮೇಲೆ ನೀವು ಏನು ಕೇಳಿದರೂ ಅವರಿಗೆ ಅದರ ಹಿಂದೆ ಲಾಭವೇ ಕಾಣುತ್ತದೆ. ಹಾಗಾಗಿ ಈ ಸಲ ನಿಮಗಾಗಿ ಏನನ್ನೂ ಕೇಳದೆ ಮಾತು ಮುಗಿಸುವುದು ಮುಖ್ಯ.

ಆ ಕಾಗದ ಏಕೆ ಅಷ್ಟು ದೊಡ್ಡದು ಎಂಬುದು ನಿಮಗೆ ಗೊತ್ತು, ನಿಮ್ಮ ಅಕ್ಕನಿಗೆ ಗೊತ್ತಿಲ್ಲ. ಅವರಿಗೆ ನೀವು ಹೇಳಿಯೇ ಇಲ್ಲ. ಹೇಳಬೇಕಾದ ಕಥೆ ಇದು.

ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೂ ಯುರೋಪಿನಲ್ಲಿ ಚೆಸ್ ಕಾಯಿಗಳಿಗೆ ಒಂದೇ ರೂಪ ಇರಲಿಲ್ಲ. ಇಂಗ್ಲೆಂಡಿನಲ್ಲೇ ಸೇಂಟ್ ಜಾರ್ಜ್, ಬಾರ್ಲಿಕಾರ್ನ್ ಎಂದು ಹಲವು ಮಾದರಿಗಳಿದ್ದವು. ಫ್ರಾನ್ಸಿನವರದು ರೀಜನ್ಸ್, ಜರ್ಮನಿಯವರದು ಇನ್ನೊಂದು. ಬೇರೆ ಊರಿನ ಆಟಗಾರ ಬಂದು ಕೂತರೆ ಮಂತ್ರಿ ಯಾವುದು, ಒಂಟೆ ಯಾವುದು ಎಂದು ಮೊದಲು ನೋಡಿಕೊಳ್ಳಬೇಕಾದ ಸ್ಥಿತಿ. 1849ರ ಮಾರ್ಚ್ 1ರಂದು ನಥಾನಿಯಲ್ ಕುಕ್ ಎಂಬವರ ಹೆಸರಿನಲ್ಲಿ ಹೊಸ ವಿನ್ಯಾಸವೊಂದು ಲಂಡನ್ನಿನಲ್ಲಿ ನೋಂದಣಿಯಾಯಿತು. ಅದೇ ವರ್ಷ ಸೆಪ್ಟೆಂಬರ್ ಕೊನೆಗೆ ಜೇಕ್ಸ್ ಕಂಪನಿ ಅದನ್ನು ಮಾರಾಟಕ್ಕೆ ತಂದಿತು. ಆ ಕಾಲದ ಹೆಸರಾಂತ ಆಟಗಾರ ಹೊವರ್ಡ್ ಸ್ಟಾಂಟನ್ ಅದಕ್ಕೆ ತಮ್ಮ ಹೆಸರು ಕೊಟ್ಟರು, 'ಇಲಸ್ಟ್ರೇಟೆಡ್ ಲಂಡನ್ ನ್ಯೂಸ್' ಪತ್ರಿಕೆಯ ತಮ್ಮ ಚೆಸ್ ಅಂಕಣದಲ್ಲಿ ಹೊಗಳಿ ಬರೆದರು. 1851ರಲ್ಲಿ ಲಂಡನ್ನಿನಲ್ಲಿ ಮೊದಲ ಅಂತರರಾಷ್ಟ್ರೀಯ ಪಂದ್ಯಾವಳಿ ನಡೆಸಿದವರೂ ಅವರೇ. ಇಂದು ನಮ್ಮ ಶಾಲೆಗಳ ಪ್ಲಾಸ್ಟಿಕ್ ಸೆಟ್ಟಿನಿಂದ ಹಿಡಿದು ವಿಶ್ವ ಚಾಂಪಿಯನ್‌ಷಿಪ್ಪಿನ ಮೇಜಿನವರೆಗೆ ಕಾಣುವುದು ಆ ಸ್ಟಾಂಟನ್ ಮಾದರಿಯೇ. ಅಂತರರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆ ತನ್ನ ಪಂದ್ಯಗಳಿಗೆ ಹೇಳುವುದೂ ಅದನ್ನೇ.

ಮಾದರಿ ಗೆದ್ದ ಕೂಡಲೇ ನಕಲು ಮಾಡುವವರು ಹುಟ್ಟಿಕೊಂಡರು. ಅಸಲಿಯನ್ನು ಗುರುತಿಸಲು ಜೇಕ್ಸ್ ಎರಡು ಕಡೆ ಗುರುತು ಇಟ್ಟಿತು. ಒಂದು ಕಾಯಿಗಳ ಮೇಲೆ. ರಾಜನ ಪೀಠದಲ್ಲಿ ಕಂಪನಿಯ ಮುದ್ರೆ, ರಾಜನ ಬದಿಯ ಆನೆ ಮತ್ತು ಕುದುರೆಯ ತಲೆಯ ಮೇಲೆ ಪುಟ್ಟ ಕಿರೀಟ. ಆ ಕಾಲದಲ್ಲಿ ನಡೆಗಳನ್ನು ಬರೆಯುವಾಗ ರಾಜನ ಕುದುರೆ, ಮಂತ್ರಿಯ ಕುದುರೆ ಎಂದು ಬೇರ್ಪಡಿಸುತ್ತಿದ್ದರಿಂದ ಆ ಕಿರೀಟ ಆಟಕ್ಕೂ ಉಪಯೋಗವಾಗುತ್ತಿತ್ತು. ಇನ್ನೊಂದು ಗುರುತು ಪೆಟ್ಟಿಗೆಯಲ್ಲಿ. ಸ್ಟಾಂಟನ್ ಸಹಿಯುಳ್ಳ, ಸಂಖ್ಯೆ ಹಾಕಿದ ಕಾಗದದ ಲೇಬಲ್. ಕೆಲವು ಪೆಟ್ಟಿಗೆಗಳಲ್ಲಿ ಅದು ತಳದಲ್ಲಿರುತ್ತದೆ, ಕೆಲವದರಲ್ಲಿ ಮುಚ್ಚಳದ ಒಳಗೆ. ಲೇಬಲ್ಲಿನ ಬಣ್ಣ, ಅಚ್ಚಿನ ಅಕ್ಷರ, ವಿಳಾಸ, ಸಂಖ್ಯೆ ಇವುಗಳ ಮೇಲೆ ಸೆಟ್ಟು ಯಾವ ದಶಕದ್ದೆಂದು ತಿಳಿದವರು ಹೇಳುತ್ತಾರೆ. ಸುಮ್ಮನೆ ಕಾಯಿಗಳನ್ನು ನೋಡಿ ಅಷ್ಟು ನಿಖರವಾಗಿ ಹೇಳುವುದು ಕಷ್ಟ. ಪೆಟ್ಟಿಗೆ ಅಂದರೆ ಸೆಟ್ಟಿನ ಜನನ ಪತ್ರ. ನಿಮ್ಮ ಅಕ್ಕ ಹರಕು ಕಾಗದ ಅಂದುಕೊಂಡಿರುವುದೇ ಅದರಲ್ಲಿನ ಬರಹ.

ಇಷ್ಟಾದರೂ ಒಂದು ಸಂದೇಹ ನನಗಿದೆ. ಅದು ನಿಜವಾಗಿ ಆ ಸೆಟ್ಟಿನದೇ ಪೆಟ್ಟಿಗೆ ಎಂದು ನೀವು ಖಚಿತಪಡಿಸಿಕೊಂಡಿದ್ದೀರಾ? ಪತ್ರದಲ್ಲಿ ಹಾಗೆ ಎಲ್ಲೂ ಇಲ್ಲ. ದೊರೆ ಕೊಟ್ಟದ್ದು ಅದರಲ್ಲೇ ಇರಬಹುದು, ಆದರೆ ದೊರೆಯ ಕೈಗೆ ಬರುವ ಮೊದಲೇ ಪೆಟ್ಟಿಗೆ ಬದಲಾಗಿದ್ದರೆ? ಜೇಕ್ಸ್‌ನ ಸಾಮಾನ್ಯ ಸೆಟ್ಟುಗಳಲ್ಲಿ ರಾಜನ ಎತ್ತರ ಸುಮಾರು 3.5 ಅಂಗುಲ, ಕ್ಲಬ್ ಅಳತೆಯವುಗಳಲ್ಲಿ 4.4 ಅಂಗುಲ. ಪೆಟ್ಟಿಗೆಗಳೂ ಆ ಅಳತೆಗೆ ತಕ್ಕಂತೆ ಇರುತ್ತಿದ್ದವು. ನಿಮ್ಮ ರಾಜನನ್ನು ಅಳೆಯಿರಿ. ಮೂವತ್ತೆರಡು ಕಾಯಿಗಳೂ ಪೆಟ್ಟಿಗೆಯಲ್ಲಿ ಮಲಗಿ, ಮುಚ್ಚಳ ಒತ್ತದೆಯೇ ಮುಚ್ಚಿಕೊಳ್ಳಬೇಕು. ಎಷ್ಟೋ ವರ್ಷ ಸೀಸ ತುಂಬಿದ ಕಾಯಿಗಳು ಉರುಳಾಡಿದ ಪೆಟ್ಟಿಗೆಯ ಒಳಗೋಡೆಯಲ್ಲಿ ಸಣ್ಣ ಸಣ್ಣ ತಗ್ಗುಗಳು ಬಿದ್ದಿರುತ್ತವೆ, ಮೂಲೆಗಳಲ್ಲಿ ಕಾಯಿಯ ಅಡಿಯ ಹಸಿರು ಬಟ್ಟೆಯ ಜುಂಗು ಸಿಕ್ಕಿಕೊಂಡಿರಬಹುದು. ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಮೂಲೆಯ ಕಸವನ್ನೂ ಬ್ರಶ್ ಹಾಕಿ ಗುಡಿಸಬೇಡಿ. ಹಾಗೆಯೇ ರಾಜನ ತಳದಲ್ಲಿ ಇನ್ನೇನಾದರೂ ಮುದ್ರೆ ಇದೆಯೇ ಎಂದು ಅಡಿಯ ಬಟ್ಟೆ ಕಿತ್ತು ನೋಡಲು ಹೋಗಬೇಡಿ. ಮೂಲ ಬಟ್ಟೆ ಉಳಿದಿದ್ದರೆ ಅದೂ ಸಾಕ್ಷಿಯೇ.

ಇವೆಲ್ಲ ನೋಡಬೇಕಾದರೆ ಕಾಯಿಗಳೂ ಪೆಟ್ಟಿಗೆಯೂ ಒಂದೇ ಮೇಜಿನ ಮೇಲೆ ಬರಬೇಕು. ಅದಕ್ಕೆ ಪೆಟ್ಟಿಗೆ ಚಿಕ್ಕಮಗಳೂರಿಗೆ ಬರಬೇಕಾಗಿಲ್ಲ. ಕಾಯಿಗಳು ಹಾಸನಕ್ಕೆ ಹೋಗಬಹುದು.

ನಿಮ್ಮ ಪತ್ರವನ್ನು ಎರಡೆರಡು ಸಲ ಓದಿದಾಗ ನನಗೆ ಎದ್ದು ಕಂಡದ್ದು ಇದೇ. ಕಾಯಿ ಮತ್ತು ಪೆಟ್ಟಿಗೆ ಒಂದಾಗಬೇಕು ಎಂದು ಬರೆದಿದ್ದೀರಿ. ಒಂದಾಗುವ ಜಾಗ ನಿಮ್ಮ ಮನೆಯೇ ಆಗಬೇಕು ಎಂಬುದನ್ನು ಮಾತ್ರ ಹೇಳದೆಯೇ ಊಹಿಸಿಕೊಂಡಿದ್ದೀರಿ. ಆ ಸೆಟ್ಟಿನಲ್ಲಿ ನಿಮ್ಮ ಅಕ್ಕನೂ ಆಟ ಕಲಿತವರು. ಅಮ್ಮ ಬಿಟ್ಟುಹೋದ ಪೆಟ್ಟಿಗೆಯ ಮೇಲೆ ಅವರಿಗೂ ನಿಮ್ಮಷ್ಟೇ ಹಕ್ಕು, ಕಾಯಿಗಳ ಮೇಲೂ ಅಷ್ಟೇ. ಅಪ್ಪನ ಕಾಲದ ಕಾಯಿಗಳು ನಿಮ್ಮವು ಎಂದು ಯಾರು ಹೇಳಿದರು? ಬಿಸ್ಕತ್ತಿನ ಡಬ್ಬಿ ನಿಮ್ಮ ಅಟ್ಟದಲ್ಲಿತ್ತು, ಅಷ್ಟೇ ತಾನೆ? ನಿಮ್ಮನ್ನು ನೋಯಿಸಲು ಹೀಗೆ ಕೇಳುತ್ತಿಲ್ಲ. ಅಕ್ಕನ ಎದುರು ಕೂರುವ ಮುನ್ನ ಈ ಪ್ರಶ್ನೆಗೆ ಒಳಗೊಳಗೇ ಉತ್ತರ ಕಂಡುಕೊಂಡಿದ್ದರೆ ಮಾತು ಸಲೀಸಾಗುತ್ತದೆ.

ಅಲ್ಲಿ ಹೋದಾಗ ಮೊದಲು ಹೇಳಬೇಕಾದದ್ದು ಬೆಲೆಯ ಸತ್ಯ. 'ಹಳೇ ಪೆಟ್ಟಿಗೆ' ಅಂದಿದ್ದಿರಿ; ಅದರ ನಿಜವಾದ ಬೆಲೆ ಅವರಿಗೆ ತಿಳಿಸಿರಲಿಲ್ಲ. ಐದು ಸಾವಿರಕ್ಕೆ ಅವರು ಒಪ್ಪಿಬಿಟ್ಟಿದ್ದರೆ ಏನಾಗುತ್ತಿತ್ತು ಯೋಚಿಸಿ. ಮುಂದೊಂದು ದಿನ ಅವರ ಮಗನೇ ಹರಾಜಿನ ಕ್ಯಾಟಲಾಗ್ ತೋರಿಸಿ, 'ಅಮ್ಮ, ಮಾವ ಇದನ್ನು ಐದು ಸಾವಿರಕ್ಕೆ ತಗೊಂಡರು' ಎಂದರೆ ಆ ಮನೆಯ ಬಾಗಿಲು ನಿಮಗೆ ಶಾಶ್ವತವಾಗಿ ಮುಚ್ಚುತ್ತಿತ್ತು. ಅವರು ಅತ್ತದ್ದರಿಂದ ನೀವು ಬಚಾವಾದಿರಿ. ಸೋದರಳಿಯನ ಮೂಲಕ ತರಿಸಿಕೊಳ್ಳುವ ಯೋಚನೆಗೆ ನನ್ನದು ಒಂದೇ ಮಾತು: ಅದು ಕಳ್ಳತನ. ಮಗನ ಕೈಯಲ್ಲಿ ತಾಯಿಯ ವಸ್ತು ಕದಿಸುವುದು. ಅದನ್ನು ಇಂದೇ ಬಿಡಿ, ಇನ್ನೊಮ್ಮೆ ಮನಸ್ಸಿಗೆ ತಂದುಕೊಳ್ಳಬೇಡಿ.

ಸತ್ಯ ಹೇಳಿದ ಮೇಲೆ ಅಕ್ಕನ ಮಾತು ಕೇಳಿ. ಆ ಪೆಟ್ಟಿಗೆಯಲ್ಲಿ ಅಮ್ಮನ ಓಲೆ ಇತ್ತು, ಬಳೆ ಇತ್ತು, ಬಹುಶಃ ಅಮ್ಮನ ಸೀರೆಯ ವಾಸನೆಯೂ ಇನ್ನೂ ಇರಬಹುದು. ದೊರೆಯ ಕಾಲದ ಇತಿಹಾಸ ನಿಮಗೆ ಎಷ್ಟು ದೊಡ್ಡದೋ, ಅಮ್ಮ ಅದನ್ನು ಬಳಸಿದ ಅಷ್ಟೂ ವರ್ಷಗಳ ಇತಿಹಾಸ ಅವರಿಗೆ ಅಷ್ಟೇ ದೊಡ್ಡದು. ಸಂಗ್ರಹಕಾರನ ಕಣ್ಣಿಗೂ ಅದು ದೊಡ್ಡದಾಗಿ ಕಾಣಬೇಕು ಎನ್ನುವುದು ನನ್ನ ಅಭಿಪ್ರಾಯ. ಲಂಡನ್ನಿನಲ್ಲಿ ತಯಾರಾದ ಪೆಟ್ಟಿಗೆ ಮಲೆನಾಡಿನ ತೋಟದ ರೈಟರ್ ಮನೆಗೆ ಬಂದು, ಆ ಮನೆಯ ಸೊಸೆಯ ಒಡವೆ ಪೆಟ್ಟಿಗೆಯಾದದ್ದು ಆ ವಸ್ತುವಿನ ಚರಿತ್ರೆಯ ಒಂದು ಭಾಗ. ಬೇರೆ ಯಾವ ಜೇಕ್ಸ್ ಪೆಟ್ಟಿಗೆಗೂ ಈ ಚರಿತ್ರೆ ಇಲ್ಲ.

ನನ್ನ ಸಲಹೆ ಏನೆಂದರೆ, ಕಾಯಿಗಳನ್ನು ಪೆಟ್ಟಿಗೆಯಲ್ಲಿಟ್ಟು ಸೆಟ್ಟನ್ನು ಅಕ್ಕನ ಮನೆಯಲ್ಲೇ ಇಡುವ ಮಾತನ್ನು ನೀವೇ ಮುಂದಾಗಿ ಆಡಿ. ಇಬ್ಬರ ಹೆಸರಿನಲ್ಲೂ ಇರುವ ಸೆಟ್ಟು, ಮಾರುವುದಾದರೆ ಇಬ್ಬರೂ ಒಪ್ಪಿ ಮಾರುವುದು, ಬಂದದ್ದು ಸಮಪಾಲು ಎಂದು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಅಮ್ಮನ ಒಡವೆಗೆ ಒಂದು ಒಳ್ಳೆಯ ಬೀಟೆ ಮರದ ಪೆಟ್ಟಿಗೆ ಮಾಡಿಸಿ ಕೊಡಬೇಕು ಅನಿಸಿದರೆ ಅದನ್ನು ಬದಲಿಗೆ ಎಂದು ಕೊಡಬೇಡಿ, ಉಡುಗೊರೆ ಎಂದು ಕೊಡಿ. ಅಕ್ಕ ಆಮೇಲೆ ತಾವಾಗಿಯೇ 'ನೀನೇ ಇಟ್ಟುಕೋ' ಎನ್ನಬಹುದು, ಎನ್ನದೆಯೂ ಇರಬಹುದು. ಹಾಗೆ ಅನ್ನಲಿ ಎಂದು ಕಾಯುತ್ತಾ ಕೂತರೆ ಅದು ಅವರಿಗೆ ತಿಳಿದುಹೋಗುತ್ತದೆ. ನಿಜವಾಗಿ ಬಿಟ್ಟುಕೊಡುವುದಾದರೆ ಮಾತ್ರ ಈ ಮಾತು ಆಡಿ.

ಕಾಫಿ ಕಟ್ಟಿಗೆಯ ಕಾಲಾಳಿನ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ. ನನ್ನ ಮನಸ್ಸು ಮಾತ್ರ ಅದರ ಹತ್ತಿರವೇ ನಿಂತಿತು. ಬಿಡಿ ಕಾಯಿಗಳನ್ನು ಮಾರುವವರಿದ್ದಾರೆ, ಅಳತೆ ಮತ್ತು ಕಾಲ ಹೊಂದುವ ಜೇಕ್ಸ್ ಕಾಲಾಳು ಎಂದಾದರೂ ಸಿಗಬಹುದು. ಸಿಕ್ಕರೆ ಕೊಳ್ಳಿ, ತಪ್ಪೇನಿಲ್ಲ. ಆದರೆ ಅಪ್ಪ ಕಡೆಸಿದ್ದನ್ನು ಪೆಟ್ಟಿಗೆಯಿಂದ ಹೊರಗೆ ಹಾಕಬೇಡಿ. ಕಾಫಿ ಮರ ಬಿಗಿಯಾದದ್ದು, ತಿಳಿಹಳದಿ ಬಣ್ಣದ್ದು. ಕಡೆದು ಉಜ್ಜಿದರೆ ನಿಮ್ಮ ಸೆಟ್ಟಿನ ಬಿಳಿ ಕಾಯಿಗಳ ಬಾಕ್ಸ್‌ವುಡ್ ಮರಕ್ಕೆ ಬಹಳ ಹತ್ತಿರ ಬರುತ್ತದೆ. ನಮ್ಮ ಕಡೆ ಅದರ ಊರುಗೋಲು ಮಾಡುತ್ತಾರಲ್ಲ, ಅದು ಬಿಗಿಯಾದ ಮರ ಎಂಬ ಕಾರಣಕ್ಕೇ. ಚಿಕ್ಕಮಗಳೂರಿನಲ್ಲಿ ಕೂತು ಅದನ್ನೇ ಆರಿಸಿದ ನಿಮ್ಮ ತಂದೆಗೆ ಮರದ ತಿಳಿವಳಿಕೆ ಚೆನ್ನಾಗಿತ್ತು. ಹಳೆಯ ಸೆಟ್ಟುಗಳಲ್ಲಿ ಒಂದೆರಡು ಕಾಯಿ ಬದಲಾಗಿರುವುದು ತೀರಾ ಸಾಮಾನ್ಯ. ತಪ್ಪಾಗುವುದು ಬದಲಾದದ್ದನ್ನು ಮುಚ್ಚಿಟ್ಟಾಗ. 'ಒಂದು ಬಿಳಿ ಕಾಲಾಳು ಬದಲಿ, ಕಾಫಿ ಮರ, ನಮ್ಮ ತಂದೆ ಮಾಡಿಸಿದ್ದು' ಎಂದು ಬರೆದಿಟ್ಟ ಸೆಟ್ಟನ್ನು ತಿಳಿದವರು ಗೌರವದಿಂದ ಕೈಗೆತ್ತಿಕೊಳ್ಳುತ್ತಾರೆ.

ಇದೇ ಬರೆದಿಡುವ ಮಾತು ನಿಮ್ಮ ಪತ್ನಿಯ ವಿಷಯಕ್ಕೂ ಸಲ್ಲುತ್ತದೆ. ಹವ್ಯಾಸವೋ ಹುಚ್ಚೋ ಎಂದು ಕೇಳಿದ್ದೀರಿ. ಎಷ್ಟು ಸೆಟ್ಟುಗಳಿವೆ ಎಂಬುದರ ಮೇಲೆ ನಾನು ಅದನ್ನು ತೀರ್ಮಾನಿಸುವುದಿಲ್ಲ. ಮನೆಯ ಖರ್ಚಿಗೆ, ಮಕ್ಕಳ ಓದಿಗೆ, ಔಷಧಿಗೆ ಇಟ್ಟ ಹಣ ಅದಕ್ಕೆ ಹೋಗುತ್ತಿದೆಯೇ? ಸಾಲ ಮಾಡಿ ಕೊಂಡದ್ದಿದೆಯೇ? ಕೊಂಡದ್ದನ್ನು ಮನೆಯವರಿಗೆ ತೋರಿಸಲು ಅಳುಕು ಇದೆಯೇ? ಮೂರನೆಯದಕ್ಕೆ ನೀವೇ ಹೌದು ಅಂದಿದ್ದೀರಿ. ಅರ್ಧ ಬೆಲೆ ಹೇಳುವ ಅಭ್ಯಾಸ ಸಂಗ್ರಹಕಾರರಲ್ಲಿ ಬಹಳ ಕಂಡಿದ್ದೇನೆ. ಪುಸ್ತಕ, ನಾಣ್ಯ, ಕ್ಯಾಮೆರಾ ಯಾವುದೇ ಇರಲಿ, ಇದೊಂದು ಸುಳ್ಳು ಮಾತ್ರ ಒಂದೇ ತೆರ. ಅದರಿಂದ ಆಗುವ ಹಾನಿ ನೀವು ಎಣಿಸಿದ್ದಕ್ಕಿಂತ ಬೇರೆ. ನಾಳೆ ನಿಮಗೇನಾದರೂ ಆದರೆ ಆಕೆ ಈ ಸೆಟ್ಟುಗಳನ್ನು ನೀವು ಹೇಳಿದ ಅರ್ಧ ಬೆಲೆಗೇ ಯಾರಿಗೋ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಆಕೆಗೆ ಸಿಗಬೇಕಾದ ಹಣವನ್ನು ನೀವೇ ಇಂದು ಕಡಿಮೆ ಮಾಡುತ್ತಿದ್ದೀರಿ.

ಸಂಘದ ಲೆಕ್ಕ ನೋಡುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಒಂದು ದಪ್ಪ ರಟ್ಟಿನ ಪುಸ್ತಕ ತೆಗೆದುಕೊಳ್ಳಿ. ಪ್ರತಿ ಸೆಟ್ಟಿಗೂ ಒಂದು ಪುಟ: ಎಲ್ಲಿ, ಯಾವಾಗ, ಯಾರಿಂದ, ಎಷ್ಟಕ್ಕೆ ಕೊಂಡದ್ದು, ರಾಜನ ಎತ್ತರ, ಪೀಠದ ಅಗಲ, ಯಾವ ಕಾಯಿ ಬದಲಿ, ಯಾವುದಕ್ಕೆ ಪೆಟ್ಟು, ಪೆಟ್ಟಿಗೆ ಅದರದೋ ಆಮೇಲೆ ಕೂಡಿಸಿದ್ದೋ. ಪುಸ್ತಕವನ್ನು ನಿಮ್ಮ ಕಪಾಟಿನಲ್ಲಿ ಬಚ್ಚಿಡದೆ ಪತ್ನಿಯ ಕೈಗೆ ಕೊಡಿ. ಮೊದಲ ದಿನ ಮನೆಯಲ್ಲಿ ಮಾತು ಜೋರಾಗಬಹುದು, ಆಗಲಿ. ಬರೆದಿಟ್ಟ ಒಂದು ಸಾಲು ಎಷ್ಟು ಕಾಲ ಉಪಯೋಗಕ್ಕೆ ಬರುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಹೇಳುತ್ತೇನೆ. ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದಲ್ಲಿ 1831ರಲ್ಲಿ ಸಿಕ್ಕ ಮಧ್ಯಯುಗದ ಚೆಸ್ ಕಾಯಿಗಳ ವಿಷಯ ನೀವು ಓದಿರುತ್ತೀರಿ; ಅವುಗಳಲ್ಲಿ ಹೆಚ್ಚಿನವು ಬ್ರಿಟಿಷ್ ಮ್ಯೂಸಿಯಂನಲ್ಲಿವೆ, ಹನ್ನೊಂದು ಎಡಿನ್‌ಬರೊದಲ್ಲಿವೆ. ಆ ಗುಂಪಿನಿಂದ ಕಳೆದುಹೋಗಿದ್ದ ಒಂದು ಕಾಯಿಯನ್ನು ಎಡಿನ್‌ಬರೊದ ಹಳೆ ವಸ್ತುಗಳ ವ್ಯಾಪಾರಿಯೊಬ್ಬರು 1964ರಲ್ಲಿ 5 ಪೌಂಡಿಗೆ ಕೊಂಡಿದ್ದರು. ಅದೇನೆಂದು ಅವರಿಗೂ ತಿಳಿದಿರಲಿಲ್ಲ, ಅದನ್ನು ಡ್ರಾಯರಿನಲ್ಲಿ ಇಟ್ಟುಕೊಂಡ ಮಗಳಿಗೂ ತಿಳಿದಿರಲಿಲ್ಲ. 2019ರಲ್ಲಿ ಅದು ಲಂಡನ್ನಿನ ಸದಬೀಸ್ ಹರಾಜಿನಲ್ಲಿ 7,35,000 ಪೌಂಡಿಗೆ ಹೋಯಿತು. ವ್ಯಾಪಾರಿ ತಮ್ಮ ಖರೀದಿ ಪುಸ್ತಕದಲ್ಲಿ ಅದನ್ನು ಒಂದು ಸಾಲಿನಲ್ಲಿ ಬರೆದಿಟ್ಟಿದ್ದರು. ಎಂದು, ಎಷ್ಟಕ್ಕೆ ಎಂಬುದು ಮೊಮ್ಮಕ್ಕಳ ಕಾಲದವರೆಗೂ ಉಳಿದದ್ದು ಆ ಪುಸ್ತಕದಿಂದ.

ಇನ್ನು ದಂತದ ಸೆಟ್ಟು. ಇಲ್ಲಿ ನನ್ನದು ಸಲಹೆಯಲ್ಲ, ಖಡಾಖಂಡಿತ ಮಾತು. ಕೊಳ್ಳಬೇಡಿ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1986ರಲ್ಲಿ ಬಂದ ತಿದ್ದುಪಡಿಯಿಂದ ನಮ್ಮ ಆನೆಗಳ ದಂತದ ವ್ಯಾಪಾರ ನಿಂತಿತು. 1991ರ ತಿದ್ದುಪಡಿ ಆಫ್ರಿಕದ ದಂತವನ್ನೂ ಸೇರಿಸಿತು. ವಸ್ತು ನೂರು ವರ್ಷ ಹಳೆಯದು, ಇನ್ನೂರು ವರ್ಷ ಹಳೆಯದು ಎಂಬುದು ಇಲ್ಲಿ ರಕ್ಷಣೆಗೆ ಬರುವುದಿಲ್ಲ. 'ಹಳೇ ಕಾಲದ್ದು ಸಾರ್, ಏನೂ ಆಗಲ್ಲ' ಎನ್ನುವ ವ್ಯಾಪಾರಿ ಅಪರಾಧಕ್ಕೆ ನಿಮ್ಮನ್ನು ಜೊತೆಗಾರರನ್ನಾಗಿ ಮಾಡುತ್ತಿದ್ದಾರೆ. ಪೆಟ್ಟಿಗೆಯನ್ನಾದರೂ ಕೊಳ್ಳೋಣ ಎಂಬ ಯೋಚನೆಯೂ ಬೇಡ, ಅದರಲ್ಲೂ ದಂತವಿರಬಹುದು. ವಿಶಾಖಪಟ್ಟಣದ ಕುಶಲಕರ್ಮಿಗಳು ಈಸ್ಟ್ ಇಂಡಿಯಾ ಕಂಪನಿ ಸರ್ಕಾರದ ಕಾಲದಲ್ಲಿ ಮಾಡುತ್ತಿದ್ದ, ಮಡಚಿದರೆ ಪೆಟ್ಟಿಗೆ ಬಿಚ್ಚಿದರೆ ಚದುರಂಗದ ಹಾಸು ಆಗುವ ವಸ್ತುಗಳು ಬಹಳ ಚೆಂದ. ಆದರೆ ಅವುಗಳಲ್ಲಿ ಗಂಧದ ಮರದ ಮೇಲೆ ಹೊದಿಸಿದ್ದು ದಂತದ ಹಾಳೆಗಳನ್ನೇ. ಅಲ್ಲಿ ಪೆಟ್ಟಿಗೆಗೂ ಅದೇ ಕಾನೂನು. ಇಂಥವನ್ನು ವಸ್ತುಸಂಗ್ರಹಾಲಯದಲ್ಲಿ ನೋಡಿ ಕಣ್ತುಂಬಿಕೊಳ್ಳಿ. ಚದುರಂಗದ ಮೇಲಿನ ಪ್ರೀತಿಗೆ ಹತ್ತಿರದಲ್ಲೇ ಇನ್ನೊಂದು ಜಾಗವಿದೆ, ಮೈಸೂರಿನ ಜಗನ್ಮೋಹನ ಅರಮನೆ. ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆ ನಡೆಯ ಬಂಧಗಳನ್ನು ರಚಿಸಿದವರು, ಹೊಸ ಹಾಸು ಆಟಗಳನ್ನೇ ಕಟ್ಟಿದವರು. ಪರದೇಶದ ಸೆಟ್ಟುಗಳನ್ನು ಕೂಡಿಡುವ ಕನ್ನಡಿಗರು ಅವರ ಕೆಲಸವನ್ನು ಅಲ್ಲಿ ಒಮ್ಮೆ ಕೂತು ನೋಡಬೇಕು.

ದಂತದ ವಸ್ತು ಮನೆತನದಿಂದ ಬಂದಿದ್ದರೆ ವಿಷಯ ಬೇರೆ. ವಾರಸುದಾರಿಕೆಯಿಂದ ಬಂದದ್ದನ್ನು 90 ದಿನಗಳೊಳಗೆ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಘೋಷಿಸಬೇಕು. ಮಾಲೀಕತ್ವದ ಪ್ರಮಾಣಪತ್ರವಿದ್ದು ಇಟ್ಟುಕೊಳ್ಳಲು ಮನಸ್ಸಿಲ್ಲದವರು ಸರ್ಕಾರಕ್ಕೆ ಒಪ್ಪಿಸಲು 2022ರ ತಿದ್ದುಪಡಿ ಅವಕಾಶ ಕೊಟ್ಟಿದೆ, ಅದಕ್ಕೆ ಪರಿಹಾರ ಸಿಗುವುದಿಲ್ಲ. ನಿಮ್ಮ ಮರದ ಸೆಟ್ಟಿಗೆ ಈ ತೊಡಕಿಲ್ಲ. ಆದರೆ ನೂರು ವರ್ಷ ದಾಟಿದ, ಇತಿಹಾಸದ ಮೌಲ್ಯವುಳ್ಳ ವಸ್ತುಗಳಿಗೆ 1972ರ ಪುರಾತನ ವಸ್ತುಗಳ ಕಾಯ್ದೆ ಅನ್ವಯಿಸುತ್ತದೆ. ಅಮೆರಿಕಕ್ಕೋ ಲಂಡನ್ನಿಗೋ ಹೊರಟ ಯಾರ ಕೈಯಲ್ಲೂ 'ಅಲ್ಲಿ ಒಳ್ಳೆ ಬೆಲೆ ಬರುತ್ತೆ' ಎಂದು ಕಳಿಸಿಬಿಡಬೇಡಿ. ಮೊದಲು ಬೆಂಗಳೂರಿನ ಪುರಾತತ್ವ ಸರ್ವೇಕ್ಷಣೆ ಕಚೇರಿಯಲ್ಲಿ ವಿಚಾರಿಸಿ.

ಕೊಳ್ಳುವ ಚಟ ಮುಂದುವರಿಯುವುದಾದರೆ ಇನ್ನೊಂದು ಎಚ್ಚರಿಕೆ. ಅಮೃತಸರದ ಕೆತ್ತನೆಗಾರರು ಹಳೆಯ ಜೇಕ್ಸ್ ಮಾದರಿಗಳನ್ನು ಅದ್ಭುತವಾಗಿ ಮಾಡುತ್ತಾರೆ. ಕುದುರೆಯ ತಲೆಯನ್ನು ಕೆತ್ತುವುದಕ್ಕೇ ಅಲ್ಲಿ ಪಳಗಿದ ಕೈಗಳಿವೆ. ಮಾಸಲು ಬಣ್ಣ ಕೊಟ್ಟು ಹಳೆಯದರಂತೆ ಕಾಣುವ ಸೆಟ್ಟುಗಳೂ ಬರುತ್ತವೆ. ಅವುಗಳನ್ನು ಹೊಸದೆಂದೇ ಮಾಡುತ್ತಾರೆ, ಹೊಸದೆಂದೇ ಕೊಂಡರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಒಂದೆರಡು ಕೈ ದಾಟಿದ ಮೇಲೆ ಅದೇ ಸೆಟ್ಟು 1850ರದ್ದಾಗಿಬಿಡುತ್ತದೆ. ನಿಜವಾಗಿ ಆಡಿದ ಸೆಟ್ಟಿನಲ್ಲಿ ಸವೆತ ಬೆರಳು ಹಿಡಿಯುವ ಕಡೆ, ಪೀಠದ ಅಂಚಿನಲ್ಲಿ ಇರುತ್ತದೆ. ಎಲ್ಲ ಕಾಯಿಗೂ ಮೇಲಿಂದ ಕೆಳಗೆ ಒಂದೇ ಸಮ ಕಂದು ಬಣ್ಣ ಕಂಡರೆ ಕೈ ಹಿಂದೆ ತೆಗೆಯಿರಿ. ಹಳೆಯ ಕರಿ ಕಾಯಿಗಳ ಎಬೊನಿ ಮರದಲ್ಲಿ ಕೂದಲೆಳೆಯಂಥ ಬಿರುಕು ಸಹಜ, ಅದಕ್ಕೆ ಹೆದರಬೇಡಿ.

ಮಳೆಗಾಲಕ್ಕೆ ಎರಡು ಮಾತು ಸಾಕು. ನಿಮ್ಮ ಕಡೆಯ ತೇವಕ್ಕೆ ಹಳೆಯ ಪೆಟ್ಟಿಗೆಯ ಅಂಟು ಬಿಡುತ್ತದೆ, ಲೇಬಲ್ಲಿನ ಕಾಗದಕ್ಕೆ ಬೆಳ್ಳಿಹುಳ ಬೀಳುತ್ತದೆ. ಗೋಡೆಗೆ ತಾಗಿದ ಕಪಾಟಿನಲ್ಲಿ ಇಡಬೇಡಿ, ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಆಗಾಗ ಬದಲಿಸಿ, ಬಿಸಿಲಿಗೆ ಹರವಲೇಬೇಡಿ. ಎದ್ದುಬಂದ ಲೇಬಲ್ಲಿಗೆ ಫೆವಿಕಾಲ್ ಹಚ್ಚುವುದು, ಲ್ಯಾಮಿನೇಟ್ ಮಾಡಿಸುವುದು ಎರಡೂ ಬೇಡ. ಮೊದಲು ಚೆನ್ನಾಗಿ ಫೋಟೋ ತೆಗೆದಿಟ್ಟು, ಬೆಂಗಳೂರಿನ ಇಂಟ್ಯಾಕ್ ಸಂರಕ್ಷಣಾ ಕೇಂದ್ರದವರನ್ನು ಕೇಳಿ. ಅಕ್ಕನಿಗೆ ವೆಲ್ವೆಟ್ ಬೇಕೇ ಬೇಕೆಂದರೆ ಅಂಟಿಸದೆ, ಅಳತೆಗೆ ಹೊಲಿದ ಒಂದು ಬಟ್ಟೆಯನ್ನು ತಳದಲ್ಲಿ ಹಾಸಿಕೊಳ್ಳಬಹುದು. ಅದನ್ನು ನೀವೇ ಹೊಲಿಸಿಕೊಂಡು ಹೋಗಿ.

ಇಷ್ಟೆಲ್ಲ ಆದ ಮೇಲೂ ಅಕ್ಕ, 'ಕಾಯಿಯೂ ಬೇಡ, ಒಪ್ಪಂದವೂ ಬೇಡ, ಪೆಟ್ಟಿಗೆಯಲ್ಲಿ ಅಮ್ಮನ ಓಲೆ ಹೇಗಿದೆಯೋ ಹಾಗೇ ಇರಲಿ' ಎನ್ನಬಹುದು. ಆಗ ಪೆಟ್ಟಿಗೆ ಅಕ್ಕನದು. ಮತ್ತೆ ಕೇಳಬೇಡಿ. ಅವರು ಒಪ್ಪಿದರೆ ಲೇಬಲ್ಲಿನ ಫೋಟೋ ತೆಗೆದುಕೊಳ್ಳಿ. ಇದರ ಕಾಯಿಗಳು ಚಿಕ್ಕಮಗಳೂರಿನಲ್ಲಿ ತಮ್ಮನ ಬಳಿ ಇವೆ ಎಂದು ಒಂದು ಚೀಟಿ ಬರೆದು ಪೆಟ್ಟಿಗೆಯೊಳಗೆ ಇಡಿ. ಇದರ ಪೆಟ್ಟಿಗೆ ಹಾಸನದಲ್ಲಿ ಅಕ್ಕನ ಬಳಿ ಇದೆ ಎಂದು ಇನ್ನೊಂದು ಚೀಟಿ ಕಾಯಿಗಳ ಜೊತೆ ಇಡಿ. ನಿಮ್ಮಿಬ್ಬರ ಮಕ್ಕಳು ಮುಂದೆ ಏನು ಮಾಡಬೇಕೆಂದು ಅವರೇ ತೀರ್ಮಾನಿಸಲಿ.